ಮೂರು ಕೂಗು

ಶಿವನ ದಯೆಯಿಂದ ನಮ್ಮ ಪುಟ್ಟ ಸಂಸ್ಥಾನಕ್ಕೆ ಸ್ವಂತ ನ್ಯಾಯಾಲಯವಿತ್ತು. ನೇಕಾರರ ಗುರಸಿದ್ಧವ್ವನ ಮಗನನ್ನು ಪರಂಗಿ ಸಿಪಾಯಿಯೊಬ್ಬ ಗುಂಡಿಟ್ಟು ಕೊಂದಿದ್ದ. ವಿಚಾರಣೆಯ ದಿನ ಪರಂಗಿ ಸಾಹೇಬ ನ್ಯಾಯಾಧೀಶರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕಾಗದವೊಂದನ್ನು ಎಸೆದ.

"ನಮ್ಮವರನ್ನು ವಿಚಾರಿಸುವ ಹಕ್ಕು ನಿಮಗಿಲ್ಲ. ಕಾನೂನು ಬದಲಿಸಿ. ಇಲ್ಲವಾದರೆ ಫಿರಂಗಿ ಬರುತ್ತದೆ."

ಕೋರ್ಟಿನ ಮುದಿ ಜವಾನ ಆ ಕಾಗದವನ್ನೂ ಒಂದು ಅರ್ಜಿಯೆಂದೇ ಎಣಿಸಿ ಎತ್ತಿಕೊಂಡ. ಬಾಗಿಲಿಗೆ ಹೋಗಿ, ಪದ್ಧತಿಯಂತೆ ಅರ್ಜಿದಾರನ, ಅಂದರೆ ಸಾಹೇಬನ, ಹೆಸರನ್ನು ಮೂರು ಸಲ ಕೂಗಿದ.

"ಅರ್ಜಿದಾರ ಹಾಜರಿಲ್ಲ, ಸ್ವಾಮಿ."

"ನಾನು ಇಲ್ಲೇ ಇದ್ದೀನಲ್ಲೋ!"

"ಹೌದೇ ಸಾಹೇಬರೇ? ಹಾಗಾದರೆ ಕೆಳಗಿಳಿದು ಕಟಕಟೆಗೆ ಬನ್ನಿ. ಈ ಕೋರ್ಟಿಗೆ ಕೈಮುಗಿದು ಕೇಳಿಕೊಳ್ಳಿ."

ಇಳಿದರೆ ಕೋರ್ಟಿನ ಅಧಿಕಾರವನ್ನು ಒಪ್ಪಿದಂತೆ. ಸಾಹೇಬ ಮುಖ ಕೆಂಪಾಗಿಸಿಕೊಂಡು ಕೂತಲ್ಲೇ ಉಳಿದ.

"ಅರ್ಜಿ ವಜಾ," ಎಂದರು ನ್ಯಾಯಾಧೀಶರು, ಮೆಲ್ಲಗೆ.

ಫಿರಂಗಿಯ ಮಾತು ಶಿವನಿಗೆ ಬಿಟ್ಟದ್ದು. ಜವಾನ ಮತ್ತೆ ಬಾಗಿಲಿಗೆ ಹೋಗಿ ಸಿಪಾಯಿಯ ಹೆಸರು ಕೂಗಿದ. ಗುರಸಿದ್ಧವ್ವ ಮಗನ ರಕ್ತದಂಗಿ ಹಿಡಿದು ಎದ್ದು ನಿಂತಳು.