ಎಂಟನೆಯ ದಸರೆಯ ಹೆಸರು

“ದಸರಾ ರಜೆಯಲ್ಲಿ ಗೆಲ್ಲೋ ಕುದುರೆಯ ಗೆಲುವು ಇವತ್ತು ಎಲ್ಲಿ ಮಲಗಿರುತ್ತೆ, ಹೇಳಿ ನೋಡೋಣ ಗುರುಗಳೇ?”

ಕೇಳಿದವನು ಶಿಷ್ಯ ತಿಪ್ಪೇಶ. ಪಾಠದ ಪುಸ್ತಕದೊಳಗೆ ರೇಸಿನ ಪುಸ್ತಕ ಇಟ್ಟುಕೊಂಡು ಓದುವಾಗ ಸಿಕ್ಕಿಬಿದ್ದಿದ್ದ. ಒಗಟು ಹಾಕಿ ಜಾರಿಕೊಳ್ಳಲು ನೋಡಿದ. “ಕಾಲಲ್ಲೋ? ಸವಾರನ ಕೈಯಲ್ಲೋ? ಲಾಯದ ಹುಲ್ಲಿನ ಅಡೀಲೋ?”

ಗುರುಗಳು ಬಯ್ಯಲಿಲ್ಲ. “ನನಗೆ ಗೊತ್ತಿಲ್ಲಪ್ಪ. ಗೊತ್ತಿದೆ ಅಂದುಕೊಂಡಿದ್ದ ಒಬ್ಬನ ಕತೆ ಹೇಳ್ತೀನಿ, ಕೂತ್ಕೋ” ಅಂದರು.

ಒಂದು ಊರಿನಲ್ಲಿ ಕುದುರೆ ಬಲ್ಲವನೊಬ್ಬನಿದ್ದ. ಪ್ರತಿ ದಸರೆಗೂ ದೊಡ್ಡ ಓಟದ ಹಿಂದಿನ ದಿನ ಬೆಳಗಾಗುತ್ತಲೇ ಮೈದಾನಕ್ಕೆ ಹೋಗುವನು. ಯಾವುದು ಹುರುಳಿ ಉಳಿಸಿದೆ, ಯಾವುದರ ಬೆವರು ಬೇಗ ಆರಿದೆ, ಯಾವುದು ಕಿವಿ ಹಿಂದಕ್ಕೆ ಮಡಿಸಿದೆ, ಎಲ್ಲ ನೋಡುವನು. ಆಮೇಲೆ ಪೇಟೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಒಂದು ಹೆಸರು ಬರೆಯುವನು. ಏಳು ದಸರೆ ಬರೆದ. ಏಳೂ ಗೆದ್ದವು. ಜನ ಅವನನ್ನು ಕಂಡರೆ ದಾರಿ ಬಿಡುತ್ತಿದ್ದರು. ಹಾಗೆ ಗಳಿಸಿದ ಹೆಸರೊಂದನ್ನು ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ. ಒಂದು ಸಲ ತಪ್ಪಿದರೆ ಅದೂ ಹೋಯಿತು.

ಎಂಟನೆಯ ದಸರೆಗೆ ಒಂದು ಕರಿಯ ಗಂಡುಕುದುರೆ ಬಂದಿತ್ತು. ಅದಕ್ಕೆ ಸಾಟಿಯೇ ಇರಲಿಲ್ಲ. ಸರಿ, ಅದೇ ಎಂದುಕೊಂಡು ಹೊರಟವನು ಬೇಲಿಯ ಹತ್ತಿರ ನಿಂತ. ತಿರುವಿನಿಂದ ಒಂದು ಬಡಕಲು ಹೆಣ್ಣುಕುದುರೆ ಬಂತು. ಸವಾರ ಲಗಾಮು ಸಡಿಲ ಬಿಟ್ಟಿದ್ದ. ಒಂದು ಗಳಿಗೆ ಅದರ ನಾಲ್ಕು ಕಾಲೂ ನೆಲದ ಮೇಲೆ ಇರಲಿಲ್ಲ. ಇಪ್ಪತ್ತು ವರ್ಷ ಕುದುರೆ ನೋಡಿದವನು ಆವತ್ತು ಮೊದಲ ಸಲ ಓಟ ನೋಡಿದ. ಚಪ್ಪಲಿ ಕಳಚಿ ನಿಂತ.

ಲಾಯದ ಮುದುಕ ಗಾಬರಿಯಾಗಿ ಬಂದ. “ಯಜಮಾನ್ರೇ, ಅದರ ಹೆಸರು ಮಾತ್ರ ಬರೀಬೇಡಿ. ದಮ್ಮಿಲ್ಲ ಅದಕ್ಕೆ. ಕೊನೇ ತಿರುವಲ್ಲಿ ಎಮ್ಮೆ ಆಗಿಬಿಡುತ್ತೆ.”

“ಗೊತ್ತು ಕಣಪ್ಪ.”

“ಮತ್ತೆ ಕಣ್ಣಲ್ಲಿ ನೀರ್ಯಾಕೆ?”

“ಅದು ಗೊತ್ತಿಲ್ಲ.”

ಪೇಟೆಗೆ ಬಂದು ಕರಿಯನ ಹೆಸರು ಬರೆಯಲು ಕೈ ಎತ್ತಿದ. ಕೈ ಅವನ ಮಾತು ಕೇಳಲಿಲ್ಲ. ಹೆಣ್ಣುಕುದುರೆಯ ಹೆಸರು ಬರೆಯಿತು. ಜನ ಬಿದ್ದು ಬಿದ್ದು ನಕ್ಕರು. “ಯಜಮಾನ್ರಿಗೆ ಅರಳುಮರಳು ಕಣ್ರೋ! ಇನ್ನು ಕತ್ತೆ ಹೆಸರೂ ಬರೀತಾರೆ!” ಅಂದರು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

“ಆಮೇಲೆ? ಗೆಲ್ತಾ?” ತಿಪ್ಪೇಶ ಮುಂದಕ್ಕೆ ಬಾಗಿದ್ದ.

“ಗೆಲ್ತು. ಮೂಗಿನಷ್ಟು ಮುಂದೆ.”

“ಆಹಾ! ನಂಗೆ ಮೊದಲೇ ಗೊತ್ತಿತ್ತು ಗುರುಗಳೇ!”

ಗುರುಗಳು ನಕ್ಕರು.

“ಆ ಗೆಲುವು ನಾನು ಈಗ ಕಟ್ಟಿ ಹೇಳಿದ್ದು ಕಣೋ, ಹಲಗೆ ಮೇಲೆ ಹೆಸರು ಬರೆದವನು ನಾನೇ, ಓಟ ನೋಡೋಕೆ ನಿಲ್ಲಲೇ ಇಲ್ಲ, ಗೆದ್ದಿದ್ದು ಯಾವುದೋ ಇವತ್ತಿಗೂ ಗೊತ್ತಿಲ್ಲ.”