ಜಟ್ಟುವಿನ ಬ್ಯಾಟರಿ ದೋಣಿ

ಹೊಳೆ ಸಮುದ್ರ ಸೇರುವ ಕಡೆ, ಜನರನ್ನು ದೋಣಿಯಲ್ಲಿ ದಾಟಿಸುವ ಒಂದು ಕಡವು ಇತ್ತು ಅಂತ ಇಟ್ಟುಕೊಳ್ಳಿ. ಆಚೆ ದಡದಲ್ಲಿ, ಸ್ವಲ್ಪ ಮೇಲಕ್ಕೆ, ಪೇಟೆ. ಈಚೆ ದಡದಲ್ಲಿ ದೇವಕ್ಕನ ಮನೆ. ದೇವಕ್ಕನಿಗೆ ಒಬ್ಬನೇ ಮಗ, ಹೆಸರು ಜಟ್ಟು, ವಯಸ್ಸು ಇಪ್ಪತ್ನಾಲ್ಕು. ಕೈ ಬಲು ಚುರುಕು. ಹಲಗೆ ಕೊಟ್ಟರೆ ದೋಣಿ ಮಾಡುತ್ತಾನೆ. ಆದರೆ ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಾನೆ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ.

ಅಪ್ಪ ಇರುವವರೆಗೆ ಹುಟ್ಟು ಹಾಕಿ ಜನರನ್ನು ದಾಟಿಸಿದ. ಅಪ್ಪ ಹೋದ ಮೇಲೆ ಪಂಚಾಯಿತಿಯವರು ಬಂದರು.

“ದೇವಕ್ಕಾ, ಕೈದೋಣಿ ಇನ್ನು ಸಾಕು. ಯಂತ್ರದ ದೋಣಿ ಇದ್ದವರಿಗೆ ಕಡವು. ಹುಣ್ಣಿಮೆಯ ಮಾರನೆ ದಿನ ನಾವೇ ಕೂತು ನೋಡುತ್ತೇವೆ. ಮೂರು ಸಲ ಹೋಗಿ ಮೂರು ಸಲ ಬಂದರೆ ಕಡವು ನಿಮ್ಮದೇ. ಬಾರದಿದ್ದರೆ ಪೇಟೆಯ ಡೀಸೆಲ್ ದೋಣಿಯವನದು.”

ಕಡವು ಹೋದರೆ ದೇವಕ್ಕನಿಗೆ ಅನ್ನಕ್ಕೆ ಬೇರೆ ದಾರಿ ಇರಲಿಲ್ಲ. ಜಟ್ಟು ಇಪ್ಪತ್ತು ದಿನ ಕೂತು ಹೊಸ ದೋಣಿ ಮಾಡಿದ. ಪೇಟೆಯಲ್ಲಿ ಬ್ಯಾಟರಿ ಆಟೋ ರಿಪೇರಿ ಮಾಡುವ ಇನಾಸ್ ಮೇಸ್ತ್ರಿ ಹಳೆಯ ಮೋಟಾರು, ಹಳೆಯ ಬ್ಯಾಟರಿ ತಂದು ಕೂರಿಸಿದ. ಪಕ್ಕದಲ್ಲಿ ಒಂದು ಪುಟ್ಟ ಮೀಟರು, ಅದರಲ್ಲಿ ನಾಲ್ಕು ಹಸಿರು ಗೆರೆ.

“ನಾಲ್ಕು ಗೆರೆ ಇದ್ದರೆ ಬ್ಯಾಟರಿ ತುಂಬಿದೆ. ಒಂದೂ ಇಲ್ಲದಿದ್ದರೆ ಖಾಲಿ. ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ ಅಂತ ಮೊದಲು ನೋಡು ತಮಾ. ಗೆರೆ ಮುಗಿಯುವವರೆಗೆ ನಡೆಸು.”

“ಹಾಗೇ ಆಗಲಿ,” ಅಂದ ಜಟ್ಟು.

ಬೆಳಿಗ್ಗೆ ಹೋದ. ಮಧ್ಯಾಹ್ನ ಬರಲಿಲ್ಲ. ಸಂಜೆ ಮೀನಿನ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರು.

“ಎಲ್ಲಿಗೆ ಹೋಗಿದ್ದೆಯೋ?” ಅಂದಳು ತಾಯಿ.

“ಸಮುದ್ರಕ್ಕೆ.”

“ಸಮುದ್ರದಲ್ಲಿ ನಿನಗೇನು ಕೆಲಸ?”

“ಗೆರೆ ಮುಗಿದದ್ದು ಅಲ್ಲಿ, ಅವ್ವಿ.”

“ಪೆದ್ದ ಮಗನೇ, ಹೋದವನು ತಿರುಗಿ ಬರಬೇಕಲ್ಲ? ಅರ್ಧ ಖರ್ಚಾದ ಕೂಡಲೆ ದೋಣಿ ತಿರುಗಿಸಬೇಕು.”

“ಹಾಗೇ ಆಗಲಿ, ಅವ್ವಿ.”

ಮರುದಿನ ಜನರನ್ನು ದಾಟಿಸಲು ನಿಂತ. ಹೋದ, ಬಂದ, ಹೋದ. ನಾಲ್ಕನೆಯ ಸಲ ದಾಟುವಾಗ, ದೋಣಿಯಲ್ಲಿ ಇದ್ದವಳು ಬಳಚು ಎಂಬ ಚಿಪ್ಪುಮೀನು ಮಾರುವ ನಾಗವೇಣಿ. ಪೇಟೆಯಿಂದ ಎರಡು ಬುಟ್ಟಿ ತುಂಬಿಸಿಕೊಂಡು ಈಚೆಗೆ ಬರುತ್ತಿದ್ದಳು. ದಡ ಒಂದು ಮಾರು ದೂರ ಇರುವಾಗ ಮೀಟರಿನಲ್ಲಿ ಎರಡು ಗೆರೆ ಉಳಿಯಿತು. ಜಟ್ಟು ದೋಣಿ ತಿರುಗಿಸಿದ.

“ತಮಾ, ದಡ ಇಲ್ಲೇ ಉಂಟು. ಕೈ ಚಾಚಿದರೆ ಸಿಗುತ್ತದೆ.”

“ಸಿಗಬಹುದು ನಾಗವೇಣಕ್ಕಾ. ಆದರೆ ಅರ್ಧ ಆಯಿತು.”

ಪೇಟೆಯ ದಡಕ್ಕೇ ತಿರುಗಿ ಒಯ್ದು ಇಳಿಸಿದ. ಮರುದಿನ ಅವಳು ದೇವಕ್ಕನಿಗೆ ಹೇಳಿದಳು: “ನಿನ್ನ ಮಗನ ದೋಣಿ ಒಳ್ಳೆಯದು ಮಾರಾಯ್ತಿ. ನಿನ್ನ ಮನೆ ದೂರದಿಂದ ತೋರಿಸಿ ತಿರುಗಿ ಒಯ್ಯುತ್ತದೆ.”

ದೇವಕ್ಕ ಇನಾಸನನ್ನು ಕರೆಸಿದಳು. ಇನಾಸ್ ತಲೆ ಕೆರೆದುಕೊಂಡ. “ಪೆದ್ದ, ಗೆರೆ ನೋಡಿ ಜನರನ್ನು ವಾಪಸು ಒಯ್ಯುವುದುಂಟೆ? ಭಾರ ಇಳಿಸು. ಭಾರ ಇಳಿದಷ್ಟೂ ಅದೇ ಚಾರ್ಜಿಗೆ ದೂರ ಹೋಗುತ್ತದೆ. ಯಾವುದು ಹೆಚ್ಚು ಭಾರವೋ ಅದನ್ನು ಮೊದಲು ಮನೆಯಲ್ಲಿಡು.”

“ಹಾಗೇ ಆಗಲಿ.”

ಜಟ್ಟು ದೋಣಿಯಲ್ಲಿದ್ದ ಒಂದೊಂದನ್ನೂ ಕೈಯಲ್ಲಿ ಎತ್ತಿ ನೋಡಿದ. ಹಗ್ಗ ಎತ್ತಿದ, ಹಗುರ. ಲಂಗರು ಎತ್ತಿದ, ಪರವಾಗಿಲ್ಲ. ಬ್ಯಾಟರಿ ಎತ್ತಿದ, ಸೊಂಟ ಹಿಡಿಯಿತು. ಅದನ್ನು ಜಗಲಿಯ ಮೇಲಿಟ್ಟು ಗೋಣಿ ಹೊದಿಸಿದ. ಆಮೇಲೆ ತಾಯಿಯನ್ನು ಕೂರಿಸಿಕೊಂಡು ದೋಣಿ ನೂಕಿದ.

“ಸದ್ದೇ ಇಲ್ಲವಲ್ಲೋ,” ಅಂದಳು ದೇವಕ್ಕ.

“ಹಗುರಾಗಿದೆ, ಅವ್ವಿ.”

“ಪೇಟೆ ಆ ಕಡೆ. ಇದು ಈ ಕಡೆ ಹೋಗುತ್ತಿದೆ.”

“ದೂರ ಹೋಗುತ್ತದೆ ಅಂತ ಮೇಸ್ತ್ರಿ ಹೇಳಿದ್ದ.”

ದೋಣಿ ಇಳಿತದ ನೀರಿನ ಜೊತೆ ತೇಲುತ್ತಾ ಹೋಗಿ ದಡದ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳಿಗೆ ಸಿಕ್ಕಿ ನಿಂತಿತು. ದೇವಕ್ಕ ಮೊಣಕಾಲುದ್ದ ಕೆಸರಿನಲ್ಲಿ ನಡೆದು ಮನೆಗೆ ಬಂದಳು. ಕಾಲು ತೊಳೆದ ಮೇಲೆ ಹೇಳಿದಳು: “ಬ್ಯಾಟರಿ ದೋಣಿಯಲ್ಲೇ ಇರಬೇಕು. ಚಾರ್ಜು ಉಳಿಯಬೇಕಾದರೆ ನಿಧಾನ ಹೋಗು. ನಿಧಾನ ಹೋದಷ್ಟೂ ಬಾಳಿಕೆ ಬರುತ್ತದೆ.”

“ಹಾಗೇ ಆಗಲಿ, ಅವ್ವಿ.”

ಮರುದಿನ ಇಳಿತ ಜೋರಾಗಿತ್ತು. ನಾಗವೇಣಿ ಮತ್ತೆ ಹತ್ತಿದಳು. ಬೇರೆ ದೋಣಿ ಇರಲಿಲ್ಲ. ಈಚೆಯಿಂದ ಪೇಟೆಗೆ ಹೋಗಬೇಕು. ಜಟ್ಟು ಮೋಟಾರಿನ ಕಿವಿ ಒಂದಿಷ್ಟೇ ತಿರುಗಿಸಿದ. ಮೋಟಾರು ಮುಂದಕ್ಕೆ ನೂಕಿತು, ನೀರು ಅಷ್ಟೇ ಹಿಂದಕ್ಕೆ ನೂಕಿತು. ಒಂದು ಗಂಟೆ ಕಳೆಯಿತು.

“ತಮಾ, ಆ ಮುರಿದ ತೆಂಗಿನಮರ ಆಗಲೂ ಅಲ್ಲೇ ಇತ್ತು, ಈಗಲೂ ಅಲ್ಲೇ ಉಂಟು.”

“ತೆಂಗಿನಮರ ಎಲ್ಲಿಗೆ ಹೋಗುತ್ತದೆ, ನಾಗವೇಣಕ್ಕಾ?”

ಅವಳು ಎರಡು ಸಲ ಎಲೆ ಅಡಿಕೆ ಹಾಕಿದಳು. ಜಟ್ಟು ಮೀಟರು ತೋರಿಸಿದ. “ಒಂದು ಗೆರೆಯೂ ಇಳಿದಿಲ್ಲ ನೋಡಿ.” ಭರತ ಏರಿ ನೀರು ತಿರುಗಿದ ಮೇಲೆ ದೋಣಿ ಪೇಟೆ ಮುಟ್ಟಿತು. ಅಷ್ಟರಲ್ಲಿ ಸಂತೆ ಮುಗಿದಿತ್ತು.

ಪರೀಕ್ಷೆಯ ದಿನ ಬಂತು. ಇನಾಸ್ ಬಂದು ಹೊಳೆಯ ಅಗಲ ನೋಡಿದ, ಗಾಳಿ ನೋಡಿದ, ಕಾಗದದಲ್ಲಿ ಬರೆದ. “ಆರು ಸಲ ದಾಟಲು ಮೂರು ಗೆರೆ. ಒಂದು ಗೆರೆ ಉಳಿಯುತ್ತದೆ. ಎದುರು ನೀರಿಗೆ ಜೋರು, ಜೊತೆ ನೀರಿಗೆ ನಿಧಾನ.”

ದೇವಕ್ಕ ಮಗನ ಅಂಗಿಯ ಗುಂಡಿ ಹಾಕಿದಳು. “ಕೊನೆಯ ಗೆರೆ ಆಪತ್ತಿಗೆ. ಆಪತ್ತು ಬಂದರೆ ಮಾತ್ರ ಮುಟ್ಟು. ಸುಮ್ಮನೆ ಮುಟ್ಟಿದರೆ ನೀನು ನನ್ನ ಮಗನೇ ಅಲ್ಲ.”

“ಹಾಗೇ ಆಗಲಿ, ಅವ್ವಿ.”

ಅಧ್ಯಕ್ಷ ತಿಮ್ಮಪ್ಪನವರೂ ಇಬ್ಬರು ಮೆಂಬರರೂ ಹತ್ತಿ ಕೂತರು. ದೋಣಿ ಹೋಯಿತು, ಬಂತು. ಹೋಯಿತು, ಬಂತು. ಹೋಯಿತು. ಆರನೆಯ ಸಲ ಎದುರು ಗಾಳಿ ಎದ್ದಿತು. ಹೊಳೆಯ ನಡುವೆ ಮೀಟರಿನಲ್ಲಿ ಒಂದೇ ಗೆರೆ ಉಳಿಯಿತು. ಜಟ್ಟು ಮೋಟಾರು ನಿಲ್ಲಿಸಿ ಕೈ ಕಟ್ಟಿ ಕೂತ.

“ಯಾಕೋ ನಿಲ್ಲಿಸಿದೆ?” ಅಂದರು ಅಧ್ಯಕ್ಷರು.

“ಉಳಿದದ್ದು ಆಪತ್ತಿಗೆ.”

“ದಡ ಕಾಣುತ್ತಿದೆಯಲ್ಲೋ.”

“ಆಪತ್ತು ಬರಲಿ, ಹೋಗೋಣ.”

ದೋಣಿ ಮೆಲ್ಲನೆ ಕೆಳಕ್ಕೆ ಜಾರತೊಡಗಿತು. ಈಜು ಬಾರದ ಮೆಂಬರರು ಹಲಗೆ ಹಿಡಿದರು. “ಸಮುದ್ರಕ್ಕೆ ಹೋಗುತ್ತೇವಲ್ಲ, ಇದೇ ಆಪತ್ತು.”

“ಇದಲ್ಲ. ಸಮುದ್ರಕ್ಕೆ ನಾನು ಹೋಗಿ ಬಂದಿದ್ದೇನೆ. ಏನೂ ಆಗುವುದಿಲ್ಲ.”

ದಡದಲ್ಲಿ ದೇವಕ್ಕ ಎದ್ದು ನಿಂತಿದ್ದವಳು ಮರಳಿನ ಮೇಲೆ ಕೂತಳು.

ಅಧ್ಯಕ್ಷರು ದನಿ ತಗ್ಗಿಸಿ ಕೇಳಿದರು: “ತಮಾ, ಆಪತ್ತು ಬರುವುದು ಎಷ್ಟು ಹೊತ್ತಿಗೆ?”

ಜಟ್ಟುವಿಗೆ ಪಾಪ ಅನ್ನಿಸಿತು. ದೊಡ್ಡವರು, ಮನೆಯಲ್ಲಿ ಊಟಕ್ಕೆ ಕಾಯುತ್ತಿರಬಹುದು. ಅವನು ಬಗ್ಗಿ, ನೀರು ಬಸಿಯಲು ದೋಣಿಯ ತಳದಲ್ಲಿ ಇಟ್ಟಿದ್ದ ತೂತಿನ ಬೂಚನ್ನು ಕಿತ್ತ. ಹೊಳೆ ಒಳಗೆ ಬುಗ್ಗೆಯಾಗಿ ಎದ್ದಿತು.

“ಬಂತು,” ಅಂದ, ಮೋಟಾರಿನ ಕಿವಿ ಪೂರ್ತಿ ತಿರುಗಿಸಿದ.

ಮೂವರೂ ಮೊಣಕಾಲುದ್ದ ನೀರಿನಲ್ಲಿ ಕೂತು ದಡ ಸೇರಿದರು. ದೋಣಿ ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿತು. ಅಧ್ಯಕ್ಷರು ಪಂಚೆ ಹಿಂಡಿಕೊಂಡು, ತೀರ್ಪು ಬರೆದುಕೊಡಲು ಕಾಗದ ಕೇಳಿದರು. “ಮೂರು ಸಲ ಹೋಯಿತು, ಮೂರು ಸಲ ಬಂತು. ಒದ್ದೆಯಾಗದೆ ಬರಬೇಕು ಅಂತ ನಾವು ಹೇಳಿರಲಿಲ್ಲ. ಕಡವು ನಿಮ್ಮದೇ ದೇವಕ್ಕಾ. ನಾನು ಮಾತ್ರ ಇನ್ನು ದೂರವಾದರೂ ಮೇಲಿನ ಸೇತುವೆ ಸುತ್ತಿ ಹೋಗುತ್ತೇನೆ.”

ಅವರು ಹೋದ ಮೇಲೆ ದೇವಕ್ಕ ದೋಣಿಯ ಒಳಗೆ ಕೈಯಾಡಿಸಿ ಹುಡುಕಿದಳು.

“ಬೂಚು ಎಲ್ಲಿ ಮಗಾ?”

“ಹೊಳೆಗೆ ಎಸೆದೆ, ಅವ್ವಿ. ಕೈಯಲ್ಲಿದ್ದರೆ ಅವರು ಕಸಿದು ತೂತು ಮುಚ್ಚುತ್ತಿದ್ದರು. ಆಪತ್ತು ಹೋಗಿಬಿಡುತ್ತಿತ್ತು. ಆಮೇಲೆ ಬ್ಯಾಟರಿ ಮುಟ್ಟುವ ಹಾಗೆ ಇರಲಿಲ್ಲವಲ್ಲ.”