ಬಾವಿಯ ಸೊಳ್ಳೆ, ಹಳ್ಳದ ಸೊಳ್ಳೆ

"ಚಳಿ ಬಿಡ್ತು. ಕಂಬಳಿ ನೀವ ಹೊಚ್ಚಿಕೊಳ್ರಿ."

ತುಂಗವ್ವ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಮಲೇರಿಯಾ ಜ್ವರ ಅವಳನ್ನು ನಡುಗಿಸಿ ನಡುಗಿಸಿ ಬಿಟ್ಟಿತ್ತು. ಮಣ್ಣು ಮಾಡಿ ಬಂದ ಮೇಲೆ ಫಕೀರಪ್ಪ ಆ ಕಂಬಳಿಯನ್ನು ಮಡಚಿ ಗೂಟಕ್ಕೆ ಹಾಕಿದ. ಮಳೆಗಾಲ ಹೋಯಿತು. ಚಳಿಗಾಲ ಬಂತು. ಕಂಬಳಿ ಮುಟ್ಟಲಿಲ್ಲ.

ಒಂದು ಸಂಜೆ ಮಠಕ್ಕೆ ಹೋಗಿ ಅಲ್ಲಿನ ಸ್ವಾಮಿಗಳಾದ ಅಜ್ಜನವರ ಮುಂದೆ ಕೂತ.

"ಅಜ್ಜಾರ, ಒಂದು ಮಾತು ಕೇಳಬೇಕು."

"ಕೇಳಪ್ಪ."

"ತುಂಗವ್ವನ ತಂಗೀನ ಕೊಡ್ತೀವಿ ಅಂತಾರ ನಮ್ಮ ಮಾವನವರು. ಅಕ್ಕನ ಅಚ್ಚು. ಅದೇ ಮೂಗು, ಅದೇ ನಡಿಗಿ. ಬಾಗಿಲ ಹಿಂದ ನಿಂತು ಕೆಮ್ಮಿದರ ಆಕೀನ ಕೆಮ್ಮಿದಂಗ ಆಗತೈತಿ. ಲಗ್ನದಾಗ ತುಂಗವ್ವ ಅಂತಲೇ ಹೆಸರಿಡ್ತೀನಿ ಅಂತ ಹೇಳೀನಿ. ಹೋದಾಕಿ ಬಂದಂಗ ಆಗೂದಿಲ್ಲೇನ್ರಿ?"

ಆ ಕಡೆ ಮದುಮಗಳಿಗೆ ಗಂಡನ ಮನೆಯವರು ಹೊಸ ಹೆಸರಿಡುವ ರೂಢಿ.

ಅಜ್ಜನವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಬ್ಬ ದನಗಾಹಿ ಇದ್ದ. ಅವನ ಊರಿನ ಸೊಳ್ಳೆ ಬಾವಿಯ ನೀರಿನಲ್ಲಿ ಹುಟ್ಟುತ್ತಿತ್ತು. ಹೊತ್ತು ಮುಳುಗಿದರೆ ದನಗಳ ಮೇಲೆ ಕೂರುತ್ತಿತ್ತು. ದನ ಇದ್ದರೆ ಮನುಷ್ಯರ ತಂಟೆಗೆ ಬರುತ್ತಿರಲಿಲ್ಲ. ಆ ಊರಿನವರು ದನಗಳ ನಡುವೆ ನಿಶ್ಚಿಂತೆಯಿಂದ ಮಲಗುತ್ತಿದ್ದರು.

ಒಂದು ವರ್ಷ ಅವನು ದನ ಹೊಡೆದುಕೊಂಡು ಗುಡ್ಡದ ಕಾಡಿಗೆ ಹೋದ. ಅಲ್ಲಿ ಮಾತು ಬೇರೆ, ಮರ ಬೇರೆ, ಉಣ್ಣುವ ಅನ್ನ ಬೇರೆ. ಅವನಿಗೆ ಊರಿನ ನೆನಪು ಹತ್ತಿತು. ಸಂಜೆ ಹಸು ಕಟ್ಟಿದ ಕಂಬದ ಮೇಲೆ ಒಂದು ಸೊಳ್ಳೆ ಬಂದು ಕೂತಿತು. ರೆಕ್ಕೆಯಲ್ಲಿ ಚುಕ್ಕೆ. ತಲೆ ಕೆಳಗೆ, ಹಿಂಬದಿ ಮೇಲೆ. ದನಗಾಹಿಯ ಕಣ್ಣಲ್ಲಿ ನೀರು ಬಂತು.

"ಅವ್ವಾ, ಇದು ನಮ್ಮೂರದು" ಎಂದ, ಪಕ್ಕದ ಗುಡಿಸಲಿನ ಮುದುಕಿಗೆ. "ನಾನು ಗುರುತು ಹಿಡಿದೆ."

ಮುದುಕಿ ಹೊಗೆ ಹಾಕುತ್ತಿದ್ದಳು. "ಅದು ನಿನ್ನ ಗುರುತು ಹಿಡಿಯಿತೇನಪ್ಪಾ?" ಎಂದಳು. "ಸುಮ್ಮನೆ ಹೊಗೆ ಹಾಕಿಕೊಂಡು ಮಲಗು."

ಅವನು ಹೊಗೆ ಹಾಕಲಿಲ್ಲ. ಕಿವಿಯ ಹತ್ತಿರ ಅದು ಗುಂಯ್ ಎನ್ನುವುದನ್ನು ಕೇಳುತ್ತಾ, ಊರಿನಲ್ಲಿ ಮಲಗಿದ ಹಾಗೆ ಮಲಗಿದ. ಕೆಲವು ದಿನಕ್ಕೆ ಚಳಿಜ್ವರ ಬಂತು.

ಮುದುಕಿ ಗಂಜಿ ಕುಡಿಸುತ್ತಾ ಹೇಳಿದಳು. "ಇದು ಹರಿಯುವ ಹಳ್ಳದಲ್ಲಿ ಹುಟ್ಟಿದ್ದು. ಇದರ ತಾಯಿ, ತಾಯಿಯ ತಾಯಿ, ಎಲ್ಲ ಮನುಷ್ಯರನ್ನೇ ಹುಡುಕಿಕೊಂಡು ಬಂದವು. ರೆಕ್ಕೆ ಒಂದೇ. ವಂಶದಿಂದ ಬಂದ ಗುಣ ಬೇರೆ."

"ನೋಡಲು ಅದೇ ಇತ್ತಲ್ಲವ್ವಾ."

"ನೀನು ನೋಡಿದ್ದು ನಿನ್ನೂರನ್ನು" ಎಂದಳು ಮುದುಕಿ.

ಅಜ್ಜನವರು ಕತೆಯನ್ನು ಅಲ್ಲಿಗೆ ಮುಗಿಸಿದರು.

"ಅಜ್ಜಾರ, ನಾ ಕೇಳಿದ್ದು ಲಗ್ನದ ಮಾತು. ನೀವು ಸೊಳ್ಳಿ ಕತಿ ಹೇಳಿದ್ರಿ."

"ಆ ಹುಡುಗಿ ಯಾರಂಗ ಅದಾಳ ಅಂತ ಹೇಳಿದಿ, ಆಕಿ ಹೆಸರೇನಂತ ಇನ್ನೂ ಹೇಳಲಿಲ್ಲ" ಎಂದರು ಅಜ್ಜನವರು.

ಫಕೀರಪ್ಪ ಅಜ್ಜನವರಿಗೆ ನಮಸ್ಕರಿಸಿ ಎದ್ದ.

ಮರುದಿನ ಬೆಳಿಗ್ಗೆ ಮಾವನ ಮನೆಗೆ ನಡೆದು ಹೋದ. ಬಾಗಿಲಲ್ಲಿ ನಿಂತು "ಹಾಲವ್ವಾ" ಎಂದು ಕರೆದ. ನಾದಿನಿ ಹೊರಗೆ ಬಂದಳು.

"ಈ ಲಗ್ನಕ್ಕ ನಿನ್ನ ಮನಸ್ಸೈತೇನು?"

ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ನೆಲ ನೋಡುತ್ತಾ ಇಲ್ಲವೆಂದು ತಲೆಯಾಡಿಸಿದಳು.

"ಚಲೋ ಆತು. ನಿನ್ನ ಹೆಸರು ನಿನಗ ಇರಲಿ" ಎಂದು ತಿರುಗಿದ.

ಮನೆಗೆ ಬರುವಾಗ ಬಿಸಿಲು ಏರಿತ್ತು. ಗೂಟದ ಮೇಲಿನ ಕಂಬಳಿ ತೆಗೆದು ಹೊದ್ದುಕೊಂಡ.